ಪ್ರವಾಸಕ್ಕೆ ಒಂದೇ ಝೂಮ್ ಲೆನ್ಸ್ ಕೊಳ್ಳುವುದಾದರೆ 17-70, 18-135, 18-300 ಇವುಗಳಲ್ಲಿ ಯಾವುದು ಸೂಕ್ತ?

ಪ್ರಶ್ನೆ: ಸಗರನಾಡಿನವ (ಶಹಾಪುರ)

ಎಲ್ಲರಿಗೂ ಶರಣು.

ನಾನು ಶಹಾಪುರದಲ್ಲಿ ಪ್ರೌಢಶಾಲಾ ಶಿಕ್ಷಕನಾಗಿದ್ದು, ಸಮಾಜ ವಿಜ್ಞಾನ ಕಲಿಸುತ್ತೇನೆ. ಯಾದಗಿರಿ, ಕಲಬುರಗಿ, ಬೀದರ್ ಜಿಲ್ಲೆಗಳ ಕೋಟೆ, ಗುಡಿ, ಗುಮ್ಮಟ, ಜಾತ್ರೆ, ಉರುಸುಗಳನ್ನು ನಾನೇ ಚಿತ್ರಿಸಿ ತರಗತಿಯಲ್ಲಿ ತೋರಿಸಬೇಕು, ಆಯ್ದ ಕೆಲವನ್ನು ದೊಡ್ಡ ಅಳತೆಯಲ್ಲಿ ಮುದ್ರಿಸಿ ಶಾಲೆಯ ಗೋಡೆಗೆ ಹಾಕಬೇಕು ಎಂಬ ಆಸೆಯಿಂದ ರಜೆ ಸಿಕ್ಕಾಗಲೆಲ್ಲ ತಿರುಗಾಡುತ್ತಿದ್ದೇನೆ. ನನ್ನ ಬಳಿ ಸೋನಿ ಆಲ್ಫಾ 6400 ಕ್ಯಾಮೆರಾ ಇದೆ. ಅದರೊಂದಿಗೆ ಬಂದ 16-50 ಮಿ.ಮೀ. ಕಿಟ್ ಲೆನ್ಸ್ ಒಂದನ್ನು ಬಿಟ್ಟರೆ ಬೇರೆ ಲೆನ್ಸ್ ಇಲ್ಲ. ಪ್ರಯಾಣವೆಲ್ಲ ಬಸ್ಸಿನಲ್ಲಿ ಅಥವಾ ಬೈಕಿನಲ್ಲಿ ಆಗುವುದರಿಂದ ಹೆಗಲಿಗೆ ಒಂದೇ ಚೀಲ, ಅದರಲ್ಲೇ ನೀರು, ಬುತ್ತಿ, ಕ್ಯಾಮೆರಾ ಎಲ್ಲವೂ ಇರಬೇಕು.

ನನ್ನ ತೊಡಕುಗಳು ಹೀಗಿವೆ. ಬೀದರಿನ ಮಹಮೂದ್ ಗವಾನ್ ಮದ್ರಸಾದಲ್ಲಿ ಉಳಿದಿರುವ ಮಿನಾರಿನ ಮೇಲ್ಭಾಗದ ಹೆಂಚಿನ ಕೆಲಸವನ್ನು ಹತ್ತಿರಕ್ಕೆ ತರಲು 50 ಮಿ.ಮೀ. ಸಾಲುವುದಿಲ್ಲ. ಅಷ್ಟೂರಿನ ಗುಮ್ಮಟದೊಳಗಿನ ಬಣ್ಣದ ಚಿತ್ತಾರವನ್ನು ತೆಗೆದರೆ ಚಿತ್ರವೆಲ್ಲ ಕಾಳುಕಾಳಾಗಿ ಬರುತ್ತದೆ. ಸಂಕ್ರಾಂತಿಯ ಹೊತ್ತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಹೋದರೆ ಗಾಳಿಯ ತುಂಬ ಭಂಡಾರ ಹಾರಾಡುತ್ತಿರುತ್ತದೆ; ಅಂಥಲ್ಲಿ ಲೆನ್ಸ್ ಬಿಚ್ಚಿ ಬೇರೊಂದನ್ನು ಹಾಕುವ ಮಾತೇ ಇಲ್ಲ. ಆದ್ದರಿಂದ ಎಲ್ಲಕ್ಕೂ ಒದಗುವ ಒಂದೇ ಲೆನ್ಸ್ ಕೊಳ್ಳಬೇಕೆಂದಿದ್ದೇನೆ. ಹೊಸದಾದರೂ ಸರಿ, ಚೆನ್ನಾಗಿರುವ ಹಳೆಯದಾದರೂ ಸರಿ, ಆದರೆ ಒಂದು ಲೆನ್ಸಿಗೆ ಸಾಕಾಗುವಷ್ಟೇ ಹಣ ಇದೆ.

ಈವರೆಗೆ ವಿಚಾರಿಸಿದ್ದರಲ್ಲಿ ಮೂರು ಹೆಸರುಗಳು ಉಳಿದಿವೆ: ಟ್ಯಾಮ್ರಾನ್ 17-70 ಎಫ್ 2.8, ಸೋನಿ 18-135 ಎಫ್ 3.5-5.6, ಟ್ಯಾಮ್ರಾನ್ 18-300 ಎಫ್ 3.5-6.3. ಸಂಖ್ಯೆಗಳನ್ನು ನೋಡಿದರೆ ಮೂರನೆಯದೇ ಎಲ್ಲವನ್ನೂ ಒಳಗೊಂಡಂತೆ ಕಾಣುತ್ತದೆ. ಹಾಗಿದ್ದರೂ ಅನುಭವಿಗಳು ಉಳಿದೆರಡರ ಕಡೆಗೇ ಒಲವು ತೋರಿಸುವುದೇಕೆ ಎಂದು ತಿಳಿಯುತ್ತಿಲ್ಲ. ನಮ್ಮ ಭಾಗದ ಸ್ಥಳಗಳನ್ನು ಬಲ್ಲವರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ: ಕೋಟೆ ಓಣಿ (ಬೀದರ್)

ಶರಣು ಗುರುಗಳೇ. ನಾನು ಮುಖ್ಯವಾಗಿ ಸ್ಮಾರಕಗಳನ್ನೇ ಚಿತ್ರಿಸುವವನು, ಆದ್ದರಿಂದ ನನ್ನ ಮಾತು ಆ ಕಡೆಗೇ ವಾಲಿರುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕೆಲಸಕ್ಕೆ 17-70 ಸರಿಯಾದ ಆಯ್ಕೆ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಝೂಮ್ ಲೆನ್ಸನ್ನು ಕೊಳ್ಳುವಾಗ ನಾವೆಲ್ಲ ಮೊದಲು ನೋಡುವುದು ದೊಡ್ಡ ಸಂಖ್ಯೆಯನ್ನು, ಅಂದರೆ ಎಷ್ಟು ದೂರದವರೆಗೆ ಎಟುಕುತ್ತದೆ ಎಂಬುದನ್ನು. ನಮ್ಮ ಭಾಗದ ಕಟ್ಟಡಗಳು ಬೇಡುವುದು ಬೇರೆಯೇ ಎರಡು ಗುಣಗಳನ್ನು: ಅಗಲ ಮತ್ತು ಬೆಳಕು. ಕಲಬುರಗಿ ಕೋಟೆಯೊಳಗಿನ 1367ರ ಜಾಮಿ ಮಸೀದಿಯನ್ನೇ ತೆಗೆದುಕೊಳ್ಳಿ. ಅದಕ್ಕೆ ತೆರೆದ ಅಂಗಳವಿಲ್ಲ. 216 ಅಡಿ ಉದ್ದ, 176 ಅಡಿ ಅಗಲದ ಇಡೀ ಕಟ್ಟಡ ಛಾವಣಿಯ ಕೆಳಗೇ ಇದೆ. ಬೆಳಕು ಬದಿಯ ಕಮಾನುಗಳಿಂದ ಒಳಬಂದು ನಡುವಿಗೆ ತಲುಪುವಷ್ಟರಲ್ಲಿ ತೆಳುವಾಗಿಬಿಡುತ್ತದೆ. ಅಲ್ಲಿ ಕಮಾನಿನ ಹಿಂದೆ ಕಮಾನು ಸಾಲುಗಟ್ಟಿ ನಿಂತಿರುವುದನ್ನು ತೆಗೆಯಲು 50ರಿಂದ 70 ಮಿ.ಮೀ. ಬಹಳ ಚೆನ್ನಾಗಿ ಒದಗುತ್ತದೆ, ಏಕೆಂದರೆ ಉದ್ದದ ಲೆನ್ಸ್ ಆ ಸಾಲುಗಳನ್ನು ಒಂದರ ಮೇಲೊಂದು ಒತ್ತಿ ತೋರಿಸುತ್ತದೆ. 70 ಮಿ.ಮೀ.ಗೆ ಹೋದಾಗಲೂ ಟ್ಯಾಮ್ರಾನ್ 17-70ರ ಅಪರ್ಚರ್, ಅಂದರೆ ಬೆಳಕು ಒಳಬಿಡುವ ಕಿಂಡಿ, 2.8ರಲ್ಲೇ ಇರುತ್ತದೆ; ಈ ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು. 18-135 ಆ ಹೊತ್ತಿಗೆ 5.6ರ ಆಸುಪಾಸಿಗೆ ಬಂದಿರುತ್ತದೆ. ಇದರ ಅರ್ಥ ನಾಲ್ಕು ಪಟ್ಟು ಬೆಳಕಿನ ವ್ಯತ್ಯಾಸ. ಒಂದರಲ್ಲಿ ಐಎಸ್‌ಒ 1600ಕ್ಕೆ ಆಗುವ ಚಿತ್ರಕ್ಕೆ, ಶಟರ್ ವೇಗ ಅಷ್ಟೇ ಇಟ್ಟುಕೊಂಡರೆ, ಇನ್ನೊಂದರಲ್ಲಿ 6400 ಬೇಕಾಗುತ್ತದೆ. ಐಎಸ್‌ಒ ಅಂದರೆ ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ; ಅದನ್ನು ಏರಿಸಿದಷ್ಟೂ ಚಿತ್ರದಲ್ಲಿ ಕಾಳು ಹೆಚ್ಚು. ನೀವು ಹೇಳಿದ ಕಾಳುಕಾಳು ಹುಟ್ಟುವುದು ಇಲ್ಲಿಯೇ.

ಅಷ್ಟೂರಿನ ಅಹ್ಮದ್ ಶಾ ವಲಿಯ ಗುಮ್ಮಟದೊಳಗೆ ಇದು ಇನ್ನೂ ಹೆಚ್ಚು ಅನುಭವಕ್ಕೆ ಬರುತ್ತದೆ. ಗೋಡೆ, ಛಾವಣಿಗಳ ಮೇಲಿನ ಬಣ್ಣ ಮತ್ತು ಬಂಗಾರದ ಬರಹಗಳು ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲಷ್ಟೇ ನಮಗೆ ಕಾಣತೊಡಗುತ್ತವೆ. ಅಂಥ ಹಳೆಯ ಬಣ್ಣದ ಮೇಲೆ ಫ್ಲ್ಯಾಶ್ ಹಾಯಿಸಬಾರದು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ನಿಲ್ಲಿಸಲು ಮುಂಚಿತವಾಗಿ ಅನುಮತಿ ಪಡೆಯಬೇಕು. ಹೀಗಾಗಿ ಕೈಯಲ್ಲಿ ಹಿಡಿದೇ ತೆಗೆಯಬೇಕಾದ ಸ್ಥಿತಿ. ನಿಮ್ಮ ಆಲ್ಫಾ 6400ರ ಬಾಡಿಯೊಳಗೆ ನಡುಕ ತಡೆಯುವ ವ್ಯವಸ್ಥೆ ಇಲ್ಲವಾದ್ದರಿಂದ ಅದು ಲೆನ್ಸಿನಲ್ಲೇ ಇರಬೇಕು. ಟ್ಯಾಮ್ರಾನ್ 17-70ರಲ್ಲಿ ಅದು ಇದೆ. ಸಿಗ್ಮಾದ 18-50 ಎಫ್ 2.8 ಬರೀ 290 ಗ್ರಾಂ ತೂಗುವ ಸೊಗಸಾದ ಲೆನ್ಸ್ ಆದರೂ ಅದರಲ್ಲಿ ಈ ಸೌಲಭ್ಯವಿಲ್ಲ, ಸೋನಿಯ 16-55 ಎಫ್ 2.8ರಲ್ಲೂ ಇಲ್ಲ. ನೀವು ಅವೆರಡನ್ನು ಪಟ್ಟಿಯಿಂದ ಬಿಟ್ಟಿರುವುದು ಈ ಬಾಡಿಗೆ ಸರಿಯಾಗಿಯೇ ಇದೆ.

ಇನ್ನು ಅಗಲದ ಮಾತು. ನಿಮ್ಮ ಕ್ಯಾಮೆರಾದ ಸೆನ್ಸರ್ 23.5 ಮಿ.ಮೀ. ಅಗಲವಿದೆ. ಗೋಡೆಯಿಂದ 10 ಮೀಟರ್ ದೂರ ನಿಂತರೆ 16 ಮಿ.ಮೀ.ನಲ್ಲಿ ಸುಮಾರು 14.7 ಮೀಟರ್ ಗೋಡೆ ಫ್ರೇಮಿನೊಳಗೆ ಬರುತ್ತದೆ, 17ರಲ್ಲಿ 13.8 ಮೀಟರ್, 18ರಲ್ಲಿ 13 ಮೀಟರ್. ಬಯಲಿನಲ್ಲಿ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ, ಎರಡು ಹೆಜ್ಜೆ ಹಿಂದೆ ಸರಿದರೆ ಆಯಿತು. ಆದರೆ ಬೀದರ್ ಕೋಟೆಯ ರಂಗೀನ್ ಮಹಲಿನಂಥ ಸಣ್ಣ ಕೋಣೆಯಲ್ಲಿ, ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಬಾಗಿಲ ಚೌಕಟ್ಟನ್ನು ಪೂರ್ತಿಯಾಗಿ ತೆಗೆಯಲು ಹೊರಟಾಗ ಬೆನ್ನು ಗೋಡೆಗೆ ತಾಗಿರುತ್ತದೆ, ಹಿಂದೆ ಸರಿಯಲು ಜಾಗವೇ ಇರುವುದಿಲ್ಲ. ಹಾಗಾಗಿ ಯಾವ ಲೆನ್ಸ್ ಕೊಂಡರೂ ಈಗಿರುವ 16-50 ಅನ್ನು ಮಾರಬೇಡಿ. ಅದರ ತೂಕ 116 ಗ್ರಾಂ ಮಾತ್ರ, ನೀವು ಕೇಳಿರುವ ಮೂರಕ್ಕಿಂತಲೂ ಅಗಲವಾಗಿ ನೋಡುವುದು ಅದೇ. ರಂಗೀನ್ ಮಹಲಿಗೆ ಸಾಮಾನ್ಯವಾಗಿ ಬೀಗ ಹಾಕಿರುತ್ತಾರೆ. ಕೋಟೆಯಲ್ಲಿರುವ ಇಲಾಖೆಯ ಸಿಬ್ಬಂದಿಯನ್ನು ವಿನಯದಿಂದ ಕೇಳಿದರೆ ತೆರೆದು ತೋರಿಸುವುದುಂಟು, ಮರೆಯದೆ ಕೇಳಿ.

ಮಿನಾರಿನ ಹೆಂಚಿನ ವಿಷಯಕ್ಕೆ ಬಂದರೆ, 70 ಮಿ.ಮೀ.ನಲ್ಲಿ ತೆಗೆದ ಚಿತ್ರವನ್ನು 135 ಮಿ.ಮೀ.ನಷ್ಟು ಕಾಣುವಂತೆ ಕತ್ತರಿಸಿದರೆ ನಿಮ್ಮ 24 ಮೆಗಾಪಿಕ್ಸೆಲ್‌ನಲ್ಲಿ ಸುಮಾರು 6.5 ಮೆಗಾಪಿಕ್ಸೆಲ್ ಉಳಿಯುತ್ತದೆ. ಅದು 10 ಇಂಚು ಅಗಲದ ಉತ್ತಮ ಮುದ್ರಣಕ್ಕೆ ಸಾಕು, ತರಗತಿಯ ಪರದೆಗಂತೂ ಧಾರಾಳವಾಯಿತು. ದೂರವನ್ನು ಹೀಗೆ ಸ್ವಲ್ಪ ಮಟ್ಟಿಗೆ ಆಮೇಲೆಯೂ ಗಳಿಸಿಕೊಳ್ಳಬಹುದು. ಚಿತ್ರ ತೆಗೆಯುವಾಗ ಒಳಬಾರದ ಬೆಳಕನ್ನು ಆಮೇಲೆ ಯಾವ ತಂತ್ರಾಂಶದಿಂದಲೂ ಪೂರ್ತಿಯಾಗಿ ತುಂಬಿಕೊಡಲು ಆಗುವುದಿಲ್ಲ.

ಉತ್ತರ: ಬಂದೂಕವಾಲಾ ಅಲ್ಲ, ಕ್ಯಾಮೆರಾವಾಲಾ (ಕಲಬುರಗಿ)

ಕೋಟೆ ಓಣಿಯವರ ಮಾತನ್ನು ಸ್ಮಾರಕಗಳ ಮಟ್ಟಿಗೆ ಪೂರ್ತಿ ಒಪ್ಪುತ್ತೇನೆ. ಆದರೆ ಗುರುಗಳು ಜಾತ್ರೆ, ಉರುಸುಗಳ ಹೆಸರನ್ನೂ ಹೇಳಿದ್ದಾರೆ. ಅಲ್ಲಿಯ ಲೆಕ್ಕವೇ ಬೇರೆ, ಆದ್ದರಿಂದ ನನ್ನ ಮತ ಸೋನಿ 18-135ಕ್ಕೆ.

ಕಟ್ಟಡದ ಬಳಿಗೆ ನಡೆದು ಹೋಗಬಹುದು, ರಥದ ಬಳಿಗೆ ಹೋಗಲಾಗುವುದಿಲ್ಲ. ಶರಣಬಸವೇಶ್ವರರ ರಥೋತ್ಸವದ ಸಂಜೆ ಗುಡಿಯ ಅಂಗಳದಲ್ಲಿ ನಿಂತ ಮೇಲೆ ನೀವು ನಿಂತ ಜಾಗವೇ ನಿಮ್ಮ ಜಾಗ. ಮುಂದೆ ಹೋಗಲಿಕ್ಕೂ ಆಗದು, ಹಿಂದೆ ಬರಲಿಕ್ಕೂ ಆಗದು. ರಥ ದೂರದಲ್ಲಿದ್ದಾಗ ಕಳಸ ಬೇಕು, ಹತ್ತಿರ ಬಂದಾಗ ಇಡೀ ರಥ ಬೇಕು, ನಡುವೆ ಉತ್ತತ್ತಿ ಎಸೆಯುವ ಕೈಗಳು ಬೇಕು, ಅವೆಲ್ಲ ಕೆಲವೇ ನಿಮಿಷಗಳಲ್ಲಿ ನಡೆದುಹೋಗುತ್ತವೆ. ಖಾಜಾ ಬಂದೇ ನವಾಜ್ ದರ್ಗಾದ ಉರುಸಿನ ಗಂಧದ ಮೆರವಣಿಗೆಯಲ್ಲೂ ಇದೇ ಪರಿಸ್ಥಿತಿ. ಅಂಥಲ್ಲಿ 70ಕ್ಕೆ ನಿಂತುಬಿಡುವ ಲೆನ್ಸ್ ಇದ್ದರೆ ಜನರ ಮುಖದ ಮೇಲಿನ ಭಾವ ಸಿಗುವುದಿಲ್ಲ. ತೀರಾ ಹತ್ತಿರ ಹೋಗಿ ಮುಖಕ್ಕೆ ಕ್ಯಾಮೆರಾ ಹಿಡಿಯುವುದು ಭಕ್ತಿಯಲ್ಲಿ ಮೈಮರೆತವರಿಗೆ ನಾವು ತೋರುವ ಮರ್ಯಾದೆಯೂ ಅಲ್ಲ. ಚಿತ್ರವನ್ನು ಕತ್ತರಿಸಿ ದೊಡ್ಡದು ಮಾಡಬಹುದು ಎಂಬ ಲೆಕ್ಕ ಕದಲದ ಹೆಂಚಿಗೆ ಸರಿ. ಓಡಾಡುವ ಜನರ ನಡುವೆ ಫೋಕಸ್ ಎಲ್ಲಿ ಬಿತ್ತು ಎಂಬುದೇ ಸಣ್ಣ ಫ್ರೇಮಿನಲ್ಲಿ ಕಾಣುವುದಿಲ್ಲ.

ತೂಕವನ್ನೂ ನೋಡಬೇಕು. 18-135ರ ತೂಕ 325 ಗ್ರಾಂ, 17-70ರದು 525, 18-300ರದು 620. ನಿಮ್ಮ ಬಾಡಿಯೇ ಬ್ಯಾಟರಿ ಸೇರಿ 400 ಗ್ರಾಂ ಆಸುಪಾಸು ಇದೆ. ಬಾಡಿಗಿಂತ ಲೆನ್ಸ್ ಭಾರವಾದಾಗ ಮುಂಭಾರದಿಂದ ಮಣಿಕಟ್ಟು ಸೋಲುತ್ತದೆ. ಬೆಳಗಿನಿಂದ ಸಂಜೆಯವರೆಗೆ ಕೊರಳಲ್ಲಿ ತೂಗಿಸಿಕೊಂಡು ಜಾತ್ರೆಯಲ್ಲಿ ಅಲೆಯುವವನಿಗೆ 200 ಗ್ರಾಂ ಸಣ್ಣದಲ್ಲ.

ಇನ್ನೊಂದು ವಿಷಯವನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಬೀದರಿಗೆ ಹೋದರೆ ನೀವು ಬಿದರಿ ಕೆಲಸವನ್ನೂ ಚಿತ್ರಿಸುವಿರಿ ಎಂದುಕೊಳ್ಳುತ್ತೇನೆ. ಕಪ್ಪು ಸುರಾಹಿಯ ಮೇಲೆ ಬೆಳ್ಳಿಯ ಎಳೆ ಕೂರಿಸಿದ ಒಂದು ಹೂವನ್ನು ಫ್ರೇಮಿನ ತುಂಬ ತರಬೇಕಾದರೆ ಸಮೀಪ ಫೋಕಸ್ ಬೇಕು. 17-70 ಅತಿ ಸಮೀಪಕ್ಕೆ ಹೋಗುವುದು 17 ಮಿ.ಮೀ. ತುದಿಯಲ್ಲಿ, ಸೆನ್ಸರಿನಿಂದ 19 ಸೆಂ.ಮೀ. ದೂರದಲ್ಲಿ. ಲೆನ್ಸಿನ ಉದ್ದವನ್ನು ಕಳೆದರೆ ಅದರ ಮೂತಿಗೂ ಸುರಾಹಿಗೂ ನಡುವೆ ಉಳಿಯುವುದು ಸುಮಾರು 5 ಸೆಂ.ಮೀ. ಮಾತ್ರ. ಆಗ ಲೆನ್ಸಿನ ನೆರಳೇ ಬೆಳ್ಳಿಯ ಮೇಲೆ ಬೀಳುತ್ತದೆ, ಹೊಳೆಯುವ ಮೈಯಲ್ಲಿ ಕ್ಯಾಮೆರಾದ ಬಿಂಬವೂ ಮೂಡುತ್ತದೆ, ಅಗಲ ತುದಿಯಾದ್ದರಿಂದ ಸುರಾಹಿಯ ಹೊಟ್ಟೆ ಉಬ್ಬಿದಂತೆ ಕಾಣುತ್ತದೆ. 18-135 ಆದರೆ 45 ಸೆಂ.ಮೀ. ದೂರದಲ್ಲಿದ್ದುಕೊಂಡೇ ಉದ್ದ ತುದಿಯಲ್ಲಿ ಸುಮಾರು 8 ಸೆಂ.ಮೀ. ಅಗಲದ ಜಾಗವನ್ನು ಫ್ರೇಮಿನ ತುಂಬ ತರುತ್ತದೆ. ಬೆಳಕಿಗೆ ಬರಲು ದಾರಿ ಉಳಿಯುತ್ತದೆ, ಕುಶಲಕರ್ಮಿಯ ಕೈಗೂ ಅಡ್ಡಿಯಾಗುವುದಿಲ್ಲ.

ಭಂಡಾರದ ವಿಷಯದಲ್ಲಿ ಮೂರು ಲೆನ್ಸುಗಳಿಗೂ ಒಂದೇ ಎಚ್ಚರಿಕೆ. ಝೂಮ್ ಮಾಡಿದಾಗ ನಳಿಗೆ ಮುಂದಕ್ಕೆ ಚಾಚುತ್ತದೆ, ಹಿಂದೆ ಸರಿಯುವಾಗ ಮೇಲೆ ಕೂತ ಪುಡಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಎರಡು ಟ್ಯಾಮ್ರಾನ್ ಲೆನ್ಸುಗಳಿಗೆ ತೇವ ತಡೆಯುವ ಕಟ್ಟು ಇದೆ, 18-135ಕ್ಕೆ ಅಂಥ ರಕ್ಷಣೆ ಇಲ್ಲ ಎಂಬುದನ್ನು ಒಪ್ಪಲೇಬೇಕು. ಆದ್ದರಿಂದ ಮೈಲಾಪುರಕ್ಕೆ ಹೋಗುವ ದಿನ ಮುಂಭಾಗಕ್ಕೆ ಯುವಿ ಫಿಲ್ಟರ್ ಹಾಕಿ, ದಪ್ಪ ಪ್ಲಾಸ್ಟಿಕ್ ಚೀಲದ ತಳ ಕತ್ತರಿಸಿ ಲೆನ್ಸಿಗೆ ತೊಡಿಸಿ ರಬ್ಬರ್ ಬ್ಯಾಂಡ್ ಬಿಗಿಯಿರಿ, ಒಂದೇ ಫೋಕಲ್ ಉದ್ದದಲ್ಲಿ (ಅಂದರೆ ಝೂಮಿನ ಒಂದೇ ಮಿ.ಮೀ. ಸಂಖ್ಯೆಯಲ್ಲಿ) ಕೆಲ ಹೊತ್ತು ತೆಗೆದು ಆಮೇಲೆ ಬದಲಿಸಿ. ಸಂಜೆ ನಳಿಗೆಯನ್ನು ಪೂರ್ತಿ ಹೊರಗೆಳೆದು ಗಾಳಿ ಊದುವ ಬ್ಲೋವರ್‌ನಿಂದ ಮೊದಲು ಪುಡಿ ಹಾರಿಸಿ, ಮೆತ್ತನೆಯ ಬ್ರಷ್ ಆಡಿಸಿ, ಆಮೇಲಷ್ಟೇ ಬಟ್ಟೆ ಮುಟ್ಟಿಸಿ. ಮೊದಲೇ ಬಟ್ಟೆಯಿಂದ ಒರೆಸಿದರೆ ಅರಿಸಿನ ಗಾಜಿನ ಅಂಚಿಗೆ ಮೆತ್ತಿಕೊಳ್ಳುತ್ತದೆ.

ಮರುಪ್ರಶ್ನೆ: ಸಗರನಾಡಿನವ (ಶಹಾಪುರ)

ಇಬ್ಬರಿಗೂ ಧನ್ಯವಾದಗಳು. ಇಷ್ಟು ವಿವರವಾಗಿ ಬರೆಯುತ್ತೀರಿ ಎಂದು ಎಣಿಸಿರಲಿಲ್ಲ. 17-70 ಮತ್ತು 18-135ರ ನಡುವಿನ ವ್ಯತ್ಯಾಸ ಈಗ ಚೆನ್ನಾಗಿ ಮನದಟ್ಟಾಯಿತು. ಆದರೆ 18-300ರ ಬಗ್ಗೆ ಇಬ್ಬರೂ ಹೆಚ್ಚೇನೂ ಹೇಳಲಿಲ್ಲ. ಬೀದರ್ ಸುತ್ತಿನ ಹುಲ್ಲುಗಾವಲುಗಳಲ್ಲಿ ಕೃಷ್ಣಮೃಗಗಳಿವೆ, ನಮ್ಮ ಸುರಪುರ ತಾಲೂಕಿನಲ್ಲಿ ಬೋನಾಳ ಪಕ್ಷಿಧಾಮವಿದೆ. ಅವುಗಳನ್ನೂ ಮಕ್ಕಳಿಗೆ ತೋರಿಸಬೇಕೆಂಬ ಆಸೆ ನನಗೆ ಬಿಡದು. ಹಾಗಿರುವಾಗ 300 ಮಿ.ಮೀ. ಇದ್ದರೆ ಒಳ್ಳೆಯದಲ್ಲವೇ?

ಉತ್ತರ: ಕೊಂಚಾವರಂ ಕಾಡು (ಚಿಂಚೋಳಿ)

ಸರ್, ಇಲ್ಲಿ ನಾನು ಮಾತನಾಡಬಹುದು ಎಂದುಕೊಳ್ಳುತ್ತೇನೆ. ನಾನು ಹೆಚ್ಚಾಗಿ ಹಕ್ಕಿಗಳನ್ನು, ಪ್ರಾಣಿಗಳನ್ನು ಚಿತ್ರಿಸುವವಳು. ಚಂದ್ರಂಪಳ್ಳಿ ಜಲಾಶಯದ ದಂಡೆ ಮತ್ತು ಚಿಂಚೋಳಿ ವನ್ಯಧಾಮದ ಅಂಚು ನನ್ನ ನಿತ್ಯದ ತಾಣಗಳು.

ಕೃಷ್ಣಮೃಗದ ಮೈ ಸುಮಾರು ಒಂದೂಕಾಲು ಮೀಟರ್ ಉದ್ದವಿರುತ್ತದೆ. ಅದು 50 ಮೀಟರ್ ದೂರದಲ್ಲಿ ನಿಂತಿದೆ ಎಂದುಕೊಳ್ಳಿ. 70 ಮಿ.ಮೀ.ನಲ್ಲಿ ನಿಮ್ಮ ಫ್ರೇಮಿನ ಅಗಲ ಅಲ್ಲಿ ಸುಮಾರು 17 ಮೀಟರ್, ಅದರೊಳಗೆ ಪ್ರಾಣಿ ಒಂದು ಚುಕ್ಕಿ. 135ರಲ್ಲಿ ಫ್ರೇಮಿನ ಏಳನೆಯ ಒಂದು ಭಾಗ. 300ರಲ್ಲಿ ಫ್ರೇಮಿನ ಅಗಲ ಸುಮಾರು 4 ಮೀಟರಿಗೆ ಇಳಿಯುವುದರಿಂದ ಪ್ರಾಣಿ ಹತ್ತಿರ ಹತ್ತಿರ ಮೂರನೆಯ ಒಂದು ಭಾಗವನ್ನು ತುಂಬುತ್ತದೆ, ಸುತ್ತಲಿನ ಹುಲ್ಲೂ ಕಾಣುತ್ತದೆ. ಇದು ಒಳ್ಳೆಯ ಚಿತ್ರವೇ. ಆದ್ದರಿಂದ ಕೃಷ್ಣಮೃಗದ ಮಟ್ಟಿಗೆ 18-300ಕ್ಕೆ ಬೆಲೆ ಇದೆ, 17-70ರಿಂದ ಅದು ಸಾಧ್ಯವೇ ಇಲ್ಲ. ಕತ್ತರಿಸಿ ದೊಡ್ಡದು ಮಾಡುತ್ತೇನೆಂದರೆ ಉಳಿಯುವುದು 1.3 ಮೆಗಾಪಿಕ್ಸೆಲ್.

ಹಾಗಿದ್ದರೂ ಕೆರೆಯ ಹಕ್ಕಿಗಳಿಗೆ 300 ಮಿ.ಮೀ. ಕಡಿಮೆಯೇ. ದಂಡೆಯಿಂದ ದೂರದ ನೀರಿನಲ್ಲಿರುವ ಬಾತುಗಳನ್ನು ಗುರುತಿಸುವಷ್ಟು ಚಿತ್ರ ಬರುತ್ತದೆ, ಗೋಡೆಗೆ ಹಾಕುವಂಥದ್ದು ಬರುವುದು ಅಪರೂಪ. 300ರಲ್ಲಿ ಅಪರ್ಚರ್ 6.3ಕ್ಕೆ ಇಳಿದಿರುವುದರಿಂದ, ಹಕ್ಕಿಗಳು ಚುರುಕಾಗಿರುವ ನಸುಕಿನಲ್ಲಿ ಐಎಸ್‌ಒ ಬಹಳ ಏರಿಸಬೇಕಾಗುತ್ತದೆ. ಬೆಳಕು ಚೆನ್ನಾಗಿ ಬರುವವರೆಗೆ ಕಾದರೆ ನಮ್ಮ ಬಿಸಿಲು ಬೇರೊಂದು ಅಡ್ಡಿ ತರುತ್ತದೆ. ಮಾರ್ಚ್ ಕಳೆದ ಮೇಲೆ ಬೆಳಗ್ಗೆ ಒಂಬತ್ತು ಹತ್ತು ಗಂಟೆಗೆಲ್ಲ ಕರಿಮಣ್ಣಿನಿಂದ ಬಿಸಿಗಾಳಿ ಏಳುತ್ತದೆ. ಉದ್ದದ ಲೆನ್ಸಿನಲ್ಲಿ ನೋಡಿದರೆ ದೂರದ ಪ್ರಾಣಿಯ ಅಂಚುಗಳು ನೀರಿನಲ್ಲಿ ಅಲುಗಿದಂತೆ ಕದಡಿಹೋಗಿರುತ್ತವೆ. ಇದು ಲೆನ್ಸಿನ ಕೊರತೆಯಲ್ಲ, ನಡುವಿನ ಗಾಳಿಯದು. ಎಷ್ಟೇ ದುಬಾರಿ ಲೆನ್ಸ್ ತಂದರೂ ಹಾಗೆಯೇ ಬರುತ್ತದೆ. ಉದ್ದದ ತುದಿಗೆ ಹಣ ಕೊಡುವ ಮೊದಲು, ವರ್ಷದಲ್ಲಿ ಎಷ್ಟು ತಿಂಗಳು, ದಿನದಲ್ಲಿ ಎಷ್ಟು ಹೊತ್ತು ಅದು ನಮ್ಮ ಊರುಗಳಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಎಣಿಸಿ ನೋಡಿ.

ವನ್ಯಜೀವಿಗಳು ನಿಮ್ಮ ಮುಖ್ಯ ವಿಷಯವಾಗಿದ್ದರೆ ಮುಂದೊಂದು ದಿನ ಸೋನಿಯ 70-350ರಂಥ ಪ್ರತ್ಯೇಕ ಲೆನ್ಸ್ ಕೊಳ್ಳುವುದು ಲೇಸು. ಅದೂ 625 ಗ್ರಾಂ, ಅಂದರೆ 18-300ರಷ್ಟೇ ಭಾರ. ಅವು ಆಗೊಮ್ಮೆ ಈಗೊಮ್ಮೆ ಎದುರಾಗುವ ವಿಷಯ ಮಾತ್ರ ಎಂದಾದರೆ, ಅವುಗಳಿಗಾಗಿ ಗುಮ್ಮಟದೊಳಗಿನ ಬೆಳಕನ್ನು ಬಿಟ್ಟುಕೊಡಬೇಡಿ.

ಒಂದು ಸಲಹೆ. ನೀವು ಈವರೆಗೆ ತೆಗೆದ ಚಿತ್ರಗಳಲ್ಲಿ ನಿಮಗೆ ನಿಜವಾಗಿ ಇಷ್ಟವಾದವನ್ನು ಮಾತ್ರ ಬೇರ್ಪಡಿಸಿ, ಅವನ್ನು ಯಾವ ಫೋಕಲ್ ಉದ್ದದಲ್ಲಿ, ಯಾವ ಐಎಸ್‌ಒನಲ್ಲಿ ತೆಗೆದಿದ್ದೀರಿ ಎಂದು ಕಂಪ್ಯೂಟರಿನಲ್ಲಿ ನೋಡಿ. ಪ್ರತಿ ಚಿತ್ರದೊಳಗೂ ಆ ಮಾಹಿತಿ ದಾಖಲಾಗಿರುತ್ತದೆ. ನಮ್ಮೆಲ್ಲರ ಅಭಿಪ್ರಾಯಕ್ಕಿಂತ ಅದು ನಂಬಲರ್ಹ.

ಪ್ರತಿಕ್ರಿಯೆ: ಸಗರನಾಡಿನವ (ಶಹಾಪುರ)

ಮೇಡಂ ಹೇಳಿದಂತೆ ರಾತ್ರಿ ಕುಳಿತು ನೋಡಿದೆ. ಇಷ್ಟವಾದ ಚಿತ್ರಗಳಲ್ಲಿ ಹೆಚ್ಚಿನವು ಎರಡು ತುದಿಗಳಲ್ಲೇ ಇವೆ, 16ರಲ್ಲಿ ಅಥವಾ 50ರಲ್ಲಿ. ನಡುವಿನ ಉದ್ದಗಳಲ್ಲಿ ಬಹಳ ಕಡಿಮೆ. 50ರಲ್ಲಿರುವ ಚಿತ್ರಗಳನ್ನು ಮತ್ತೆ ವಿಂಗಡಿಸಿದಾಗ ಅವುಗಳಲ್ಲಿ ಬಹುಪಾಲು ಕಟ್ಟಡಗಳ ಒಳಭಾಗ ಮತ್ತು ಶಿಲ್ಪಗಳೇ ಆಗಿದ್ದವು, ಜನರ ಚಿತ್ರಗಳು ಕಡಿಮೆ. ಐಎಸ್‌ಒ ಕೂಡ ಹೆಚ್ಚಿನವುಗಳಲ್ಲಿ 3200 ಅಥವಾ ಅದಕ್ಕಿಂತ ಮೇಲೆ ಇದೆ. ಜಲಸಂಗಿಯ ಶಿಲಾಬಾಲಿಕೆಯರನ್ನು ತೆಗೆದವು ಮಾತ್ರ ಹಗಲು ಬೆಳಕಿನಲ್ಲಿ, 200ರಲ್ಲಿ ಇವೆ.

ಇದನ್ನೆಲ್ಲ ನೋಡಿದ ಮೇಲೆ ಮನಸ್ಸು 17-70ರ ಕಡೆಗೆ ನಿಂತಿದೆ. ಜಾತ್ರೆಯ ಬಗ್ಗೆ ಕಲಬುರಗಿಯವರು ಹೇಳಿದ್ದು ಸತ್ಯವಾದರೂ, ನಾನು ವರ್ಷದ ಹೆಚ್ಚಿನ ದಿನಗಳನ್ನು ಕಳೆಯುವುದು ಗೋಡೆಗಳ ನಡುವೆ ಎಂಬುದನ್ನು ನನ್ನ ಚಿತ್ರಗಳೇ ತೋರಿಸಿದವು. ಕಲಬುರಗಿಯ ಪರಿಚಿತರೊಬ್ಬರ ಬಳಿ ಬಳಸಿದ 17-70 ಒಂದು ಮಾರಾಟಕ್ಕಿದೆ ಎಂದು ತಿಳಿದುಬಂದಿದೆ. ಭಾನುವಾರ ನೋಡಲು ಹೋಗುವವನಿದ್ದೇನೆ. ಹಳೆಯ ಲೆನ್ಸಿನಲ್ಲಿ ಏನೇನು ಪರೀಕ್ಷಿಸಬೇಕು ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಬಂದೂಕವಾಲಾ ಅಲ್ಲ, ಕ್ಯಾಮೆರಾವಾಲಾ (ಕಲಬುರಗಿ)

ನಿಮ್ಮ ಚಿತ್ರಗಳೇ ಹಾಗೆ ಹೇಳಿದ ಮೇಲೆ ನನ್ನದೇನೂ ತಕರಾರಿಲ್ಲ ಗುರುಗಳೇ. 50ರಲ್ಲಿರುವುದು ಜನರ ಮುಖಗಳಾಗಿದ್ದರೆ ನಾನು ಇನ್ನೂ ವಾದಿಸುತ್ತಿದ್ದೆ. ರಥೋತ್ಸವದ ದಿನ 18-135 ಬೇಕೆನಿಸಿದರೆ ಕೇಳಿ, ನನ್ನದನ್ನು ಒಂದು ದಿನಕ್ಕೆ ಕೊಡುತ್ತೇನೆ. ಭಾನುವಾರ ಮಾತ್ರ ನಿಮ್ಮ ಬಾಡಿಯನ್ನು, ಪೂರ್ತಿ ಚಾರ್ಜ್ ಆದ ಬ್ಯಾಟರಿಯನ್ನು, ಖಾಲಿ ಕಾರ್ಡನ್ನು ಮರೆಯದೆ ಒಯ್ಯಿರಿ. ಮೂಲ ಬಿಲ್ ಇದ್ದರೆ ಅದರ ಮೇಲಿನ ಕ್ರಮಸಂಖ್ಯೆಯೂ ಲೆನ್ಸಿನ ಮೇಲಿನದೂ ಒಂದೇ ಇದೆಯೇ ಎಂದು ನೋಡಿ. ಭಾರತದ ಅಧಿಕೃತ ಮಾರಾಟಗಾರರ ಬಿಲ್ ಇಲ್ಲದಿದ್ದರೆ ಇಲ್ಲಿಯ ವಾರಂಟಿ ಸಿಗದಿರಬಹುದು, ಬೆಲೆ ಮಾತನಾಡುವಾಗ ಅದನ್ನು ಗಮನದಲ್ಲಿಡಿ.

ಉತ್ತರ: ಕೋಟೆ ಓಣಿ (ಬೀದರ್)

ಪರೀಕ್ಷಿಸುವ ಕ್ರಮವನ್ನು ಹೇಳುತ್ತೇನೆ. ಮೊದಲು ಲೆನ್ಸಿನ ಎರಡೂ ಮುಚ್ಚಳ ತೆಗೆದು, ಮೊಬೈಲಿನ ಟಾರ್ಚನ್ನು ಹಿಂದಿನಿಂದ ಓರೆಯಾಗಿ ಹಾಯಿಸಿ ಮುಂದಿನಿಂದ ನೋಡಿ. ಒಂದೆರಡು ಧೂಳಿನ ಕಣಗಳಿದ್ದರೆ ಚಿಂತೆಯಿಲ್ಲ, ಅವು ಚಿತ್ರದಲ್ಲಿ ಕಾಣುವುದಿಲ್ಲ. ಎಳೆಎಳೆಯಾಗಿ ಹರಡಿದ ಬಿಳಿ ಬೂಷ್ಟು ಕಂಡರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ಕ್ಯಾಮೆರಾಕ್ಕೆ ಕೂಡುವ ಮೌಂಟಿನ ಲೋಹದ ಭಾಗ ಸವೆದಿದೆಯೇ, ಫಿಲ್ಟರ್ ಕೂರುವ ಅಂಚು ಜಜ್ಜಿದೆಯೇ ಎಂದು ಬೆರಳಾಡಿಸಿ ನೋಡಿ. ಇದರ ಫಿಲ್ಟರ್ ಅಳತೆ 67 ಮಿ.ಮೀ., ಅಂಥ ಒಂದು ಫಿಲ್ಟರ್ ಒಯ್ದು ತಿರುಗಿಸಿ ಹಾಕಿದರೆ ಬಿದ್ದ ಲೆನ್ಸೇ ಎಂಬುದು ಆ ಕೂಡಲೇ ಗೊತ್ತಾಗುತ್ತದೆ. ಝೂಮ್ ಉಂಗುರವನ್ನು 17ರಿಂದ 70ರವರೆಗೆ ನಿಧಾನವಾಗಿ ತಿರುಗಿಸಿದಾಗ ಎಲ್ಲೂ ಕರಕರ ಎನ್ನಬಾರದು, ಒಂದು ಕಡೆ ಬಿಗಿ ಮತ್ತೊಂದು ಕಡೆ ಸಡಿಲ ಇರಬಾರದು.

ನಂತರ ನಿಮ್ಮ ಬಾಡಿಗೆ ಹಾಕಿ, ಬಾಗಿಲು ಕಿಟಕಿ ಇಲ್ಲದ, ಇಟ್ಟಿಗೆ ಅಥವಾ ಶಹಾಬಾದ್ ಕಲ್ಲಿನ ಜೋಡಣೆ ಸ್ಪಷ್ಟವಾಗಿ ಕಾಣುವ ಸಪಾಟಾದ ಒಂದು ಗೋಡೆಗೆ ನೇರವಾಗಿ ಎದುರು ನಿಂತು, ಅಪರ್ಚರ್ 2.8ರಲ್ಲಿಟ್ಟು, 17, 35, 70 ಮೂರರಲ್ಲೂ ತೆಗೆಯಿರಿ. ಕ್ಯಾಮೆರಾ ಗೋಡೆಗೆ ಓರೆಯಾಗದಂತೆ ಮೇಜಿನ ಮೇಲಿಟ್ಟು ತೆಗೆದರೆ ಉತ್ತಮ. ಪರದೆಯ ಮೇಲೆ ಚಿತ್ರವನ್ನು ದೊಡ್ಡದು ಮಾಡಿ ನಾಲ್ಕೂ ಮೂಲೆಗಳನ್ನು ಒಂದಕ್ಕೊಂದು ಹೋಲಿಸಿ. ನಾಲ್ಕೂ ಸಮನಾಗಿ ತುಸು ಮಂದವಾಗಿದ್ದರೆ ಅದು 2.8ರಲ್ಲಿ ಸಹಜ, 5.6ಕ್ಕೆ ಬದಲಿಸಿ ತೆಗೆದಾಗ ತಿಳಿಯಾಗಬೇಕು. ಮೂರು ಮೂಲೆ ಸ್ಪಷ್ಟವಾಗಿದ್ದು ಒಂದು ಮಾತ್ರ ಕಲಸಿಹೋಗಿದ್ದರೆ ಒಳಗಿನ ಗಾಜು ಜಾಗ ತಪ್ಪಿದೆ ಎಂದರ್ಥ, ಅಂಥದ್ದನ್ನು ಅಲ್ಲಿಯೇ ಬಿಟ್ಟು ಬನ್ನಿ.